ಜರೀಗಿಡ: ಚಾಕು ಹಿಡಿಯುವ ಮೊದಲು ಕಾಂಡ ಎಲ್ಲಿದೆ ನೋಡಿ

ಕುಂಡದಂಗಳ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಮೂರು ಜರೀಗಿಡಗಳಿವೆ. ಒಂದು ಬಾಸ್ಟನ್ ಫರ್ನ್, ಒಂದು ಬರ್ಡ್ಸ್ ನೆಸ್ಟ್ ಫರ್ನ್, ಇನ್ನೊಂದು ಕರಿಕಡ್ಡಿಯ ಮೇಡನ್‌ಹೇರ್. ಬಾಸ್ಟನ್‌ನ ಗರಿಗಳ ತುದಿ ಕಂದಿ ಒಣಗುತ್ತಿದೆ. ಬರ್ಡ್ಸ್ ನೆಸ್ಟ್‌ನ ಎಲೆಗಳ ಅಡಿಯಲ್ಲಿ ಸಾಲುಸಾಲಾಗಿ ಕಂದು ಗೆರೆಗಳು ಎದ್ದಿವೆ, ಬೆರಳಿನಿಂದ ಮುಟ್ಟಿದರೆ ಪುಡಿ ಅಂಟುತ್ತದೆ. ಇದು ರೋಗವೇ, ಹುಳುವೇ? ಔಷಧಿ ಹೊಡೆಯಬೇಕೇ?

ಇನ್ನೊಂದು ಪ್ರಶ್ನೆ. ಮೂರನ್ನೂ ಹೆಚ್ಚಿಸಿ ಸ್ನೇಹಿತರಿಗೆ ಕೊಡಬೇಕೆಂಬ ಆಸೆಯಿದೆ. ಬುಡವನ್ನು ಸೀಳಿ ಎರಡು ಭಾಗ ಮಾಡಿದರೆ ಮೂರೂ ಬದುಕುತ್ತವೆಯೇ?

ತಂಪುನೆರಳು

ಔಷಧಿಯ ಡಬ್ಬಿಯನ್ನು ಮೊದಲು ಕೆಳಗಿಡಿ. ಬರ್ಡ್ಸ್ ನೆಸ್ಟ್‌ನ ಎಲೆಯಡಿಯ ಗೆರೆಗಳು ರೋಗವಲ್ಲ, ಗಿಡ ಪ್ರಾಯಕ್ಕೆ ಬಂದಿರುವ ಗುರುತು. ಜರೀಗಿಡ ಹೂ ಬಿಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಬೀಜದ ಬದಲು ಅದು ಹೆಚ್ಚುವುದು ಧೂಳಿನಂಥ ಬೀಜಾಣುಗಳಿಂದ, ಗರಿಯ ಅಡಿಯಲ್ಲಿ ಅವುಗಳ ಚೀಲಗಳನ್ನು ಗುಂಪುಗುಂಪಾಗಿ ಹೊರುತ್ತದೆ. ಬರ್ಡ್ಸ್ ನೆಸ್ಟ್‌ನಲ್ಲಿ ಆ ಗುಂಪುಗಳು ನಡುನರದಿಂದ ಅಂಚಿನ ಕಡೆಗೆ ಓರೆಯಾಗಿ ಓಡುವ ಗೆರೆಗಳಾಗಿರುತ್ತವೆ. ಬಾಸ್ಟನ್ ಕುಲದ ಗಿಡಗಳಲ್ಲಿ ಮೂತ್ರಪಿಂಡದ ಆಕಾರದ ಚುಕ್ಕೆಗಳು. ಮೇಡನ್‌ಹೇರ್‌ನಲ್ಲಿ ಎಲೆಯಂಚೇ ಹಿಂದಕ್ಕೆ ಮಡಚಿಕೊಂಡು ಅವನ್ನು ಮುಚ್ಚಿರುತ್ತದೆ. ಪ್ರತಿಯೊಂದು ಕುಲಕ್ಕೂ ತನ್ನದೇ ವಿನ್ಯಾಸವಿದೆ. ಹೆಸರು ಗೊತ್ತಿಲ್ಲದ ಜರೀಗಿಡ ಸಿಕ್ಕಾಗ ತಿಳಿದವರು ಮೊದಲು ಎಲೆ ತಿರುಗಿಸಿ ನೋಡುವುದು ಇದೇ ಕಾರಣಕ್ಕೆ.

ಶಲ್ಕ ಕೀಟವೋ (ಚಿಪ್ಪು ಹೊದ್ದು ಗಿಡದ ರಸ ಹೀರುವ ಪುಟ್ಟ ಹುಳು) ಬೀಜಾಣುವೋ ಎಂಬ ಅನುಮಾನ ಬಂದರೆ ಹೀಗೆ ನೋಡಿ. ಬೀಜಾಣುವಿನ ಗುಂಪುಗಳು ಎಲೆಯ ಅಡಿಯಲ್ಲಿ ಮಾತ್ರ ಇರುತ್ತವೆ, ಲೆಕ್ಕ ಹಾಕಿ ಜೋಡಿಸಿದ ಹಾಗೆ ಒಂದೇ ಅಂತರದಲ್ಲಿರುತ್ತವೆ. ಶಲ್ಕ ಕೀಟಕ್ಕೆ ಆ ಶಿಸ್ತು ಇಲ್ಲ. ಕಡ್ಡಿಯ ಮೇಲೆ, ನರದ ಪಕ್ಕದಲ್ಲಿ, ಎಲೆಯ ಮೇಲೆ, ಎಲ್ಲೆಂದರಲ್ಲಿ ಕೂರುತ್ತದೆ. ಉಗುರಿನಿಂದ ಎಬ್ಬಿಸಿದರೆ ಇಡಿಯಾಗಿ ಏಳುತ್ತದೆ, ಸುತ್ತ ಎಲೆ ಅಂಟಂಟಾಗಿರುತ್ತದೆ. ಶಲ್ಕವೇ ಆಗಿದ್ದರೂ ಎಣ್ಣೆ ಬೆರೆತ ಔಷಧಿಯನ್ನು ಇಡೀ ಗಿಡಕ್ಕೆ ಹೊಡೆಯಬೇಡಿ. ತೆಳು ಎಲೆಯ ಜರೀಗಿಡಗಳು ಅದರಿಂದಲೇ ಸುಟ್ಟುಹೋಗುತ್ತವೆ. ಒಂದು ಗರಿಯ ಮೇಲೆ ಪರೀಕ್ಷಿಸಿ, ಕೆಲವು ದಿನ ಕಾದು ನೋಡಿ. ಕೀಟ ಸ್ವಲ್ಪವೇ ಇದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ನೀರು ಸಾಕು.

ಇನ್ನು ಸೀಳುವ ಪ್ರಶ್ನೆ. ಮೂರಕ್ಕೂ ಒಂದೇ ಉತ್ತರವಿಲ್ಲ. ಜರೀಗಿಡದ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವ ಮಾತು ಒಂದೇ: ಕಾಂಡ ಎಲ್ಲಿದೆ, ಅದು ಯಾವ ಕಡೆಗೆ ಬೆಳೆಯುತ್ತಿದೆ ಎಂದು ಮೊದಲು ಹುಡುಕಿ. ನಮಗೆ ಕಾಣುವುದೆಲ್ಲ ಎಲೆ. ಕಡ್ಡಿಯ ಹಾಗೆ ತೋರುವುದೂ ಎಲೆಯ ತೊಟ್ಟು. ನಿಜವಾದ ಕಾಂಡ ಮಣ್ಣಿನೊಳಗೋ ಮಣ್ಣಿನ ಮೇಲೋ ಅಡಗಿರುತ್ತದೆ. ಅದನ್ನೇ ಗುಪ್ತಕಾಂಡ ಎನ್ನುವುದು. ಹೊಸ ಗರಿ ಹುಟ್ಟುವುದು ಅದರ ಬೆಳೆಯುವ ತುದಿಯಿಂದ ಮಾತ್ರ. ಎಷ್ಟು ತುದಿಗಳಿವೆಯೋ ಅಷ್ಟು ಗಿಡ ಮಾಡಬಹುದು. ತುದಿ ಒಂದೇ ಇದ್ದರೆ ಗಿಡವೂ ಒಂದೇ.

ಮೇಡನ್‌ಹೇರ್‌ನ ಗುಪ್ತಕಾಂಡ ಮಣ್ಣಿನ ಮೇಲ್ಪದರದಲ್ಲಿಯೇ ಹರಿದು ಕವಲೊಡೆಯುತ್ತದೆ, ಆದ್ದರಿಂದ ಅದನ್ನು ಧೈರ್ಯವಾಗಿ ಬಿಡಿಸಬಹುದು. ಬಾಸ್ಟನ್ ಬುಡದಿಂದ ದಾರದಂಥ ಹಬ್ಬುಕಾಂಡಗಳನ್ನು ಹೊರಗೆ ಬಿಡುತ್ತದೆ, ಅವು ಮಣ್ಣು ಮುಟ್ಟಿದಲ್ಲಿ ಮರಿಗಿಡ ಏಳುತ್ತದೆ. ಬರ್ಡ್ಸ್ ನೆಸ್ಟ್‌ಗೆ ಇರುವುದು ನೆಟ್ಟಗೆ ನಿಂತ ಒಂದೇ ಕಾಂಡ, ಎಲೆಗಳೆಲ್ಲ ಅದರ ನೆತ್ತಿಯ ಸುತ್ತ ಹುಟ್ಟುತ್ತವೆ. ಅದನ್ನು ನಡುವೆ ಸೀಳಿದರೆ ಎರಡು ಗಿಡ ಸಿಗುವುದಿಲ್ಲ, ಇದ್ದ ಒಂದೂ ಹೋಗುತ್ತದೆ.

ಮಣ್ಣುಕೈ

ಬರ್ಡ್ಸ್ ನೆಸ್ಟ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನರ್ಸರಿಯಿಂದ ಬಂದ ಚಿಕ್ಕ ಕುಂಡಗಳಲ್ಲಿ ಎಷ್ಟೋ ಸಲ ಮೂರು ನಾಲ್ಕು ಮರಿಗಳನ್ನು ಒಟ್ಟಿಗೆ ನೆಟ್ಟಿರುತ್ತಾರೆ, ಕುಂಡ ತುಂಬಿಕೊಂಡು ಕಾಣಲಿ ಎಂದು. ಮೇಲಿನಿಂದ ಇಣುಕಿ ನೋಡಿ. ಸುರುಳಿ ಬಿಚ್ಚುವ ನಡುಭಾಗ ಒಂದಕ್ಕಿಂತ ಹೆಚ್ಚಿದ್ದರೆ ಅವು ಬೇರೆಬೇರೆ ಗಿಡಗಳೇ. ಬೇರುಗಳನ್ನು ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿದರೆ ಬೇರ್ಪಡುತ್ತವೆ. ಅದು ಸೀಳುವುದಲ್ಲ, ಬಿಡಿಸುವುದು.

ಹಾಗೆಯೇ ಆ ಬಟ್ಟಲಿನಂಥ ನಡುಭಾಗಕ್ಕೆ ನೀರು ಸುರಿಯಬೇಡಿ. ಕಾಡಿನಲ್ಲಿ ಅದು ಉದುರಿದ ಎಲೆಗಳನ್ನು ಹಿಡಿದಿಟ್ಟುಕೊಳ್ಳುವ ಜಾಗ ನಿಜ, ಆದರೆ ಅಲ್ಲಿ ಗಾಳಿಯಾಡುತ್ತದೆ. ಮನೆಯೊಳಗೆ ನೀರು ನಿಂತರೆ ಎಳೆಯ ಗರಿ ಕೊಳೆಯುತ್ತದೆ. ಇದ್ದ ಒಂದೇ ಬೆಳೆಯುವ ತುದಿ ಕೊಳೆತರೆ ಮತ್ತೇನೂ ಮಾಡಲಾಗುವುದಿಲ್ಲ.

ಗರಿಗೆದರು

ತುದಿ ಕಂದುವುದಕ್ಕೆ ನನ್ನ ಉತ್ತರ: ದಿನಕ್ಕೆ ಎರಡು ಮೂರು ಬಾರಿ ನೀರು ಚಿಮುಕಿಸಿ. ಜರೀಗಿಡಕ್ಕೆ ಬೇಕಾದದ್ದು ಗಾಳಿಯ ತೇವ. ನಾನು ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ತಪ್ಪದೆ ಚಿಮುಕಿಸುತ್ತೇನೆ. ನನ್ನ ಗಿಡಗಳು ಚೆನ್ನಾಗಿಯೇ ಇವೆ.

ನೀರಹನಿ

ಗರಿಗೆದರು ಅವರೇ, ನಿಮ್ಮ ಗಿಡಗಳು ಚೆನ್ನಾಗಿರುವುದು ಸಂತೋಷ. ಆದರೆ ಅದಕ್ಕೆ ಚಿಮುಕಿಸುವುದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಚಿಮುಕಿಸಿದ ನೀರು ಆವಿಯಾದ ಸ್ವಲ್ಪ ಹೊತ್ತಿಗೆಲ್ಲ ಕೋಣೆಯ ತೇವಾಂಶ ಮೊದಲಿನ ಮಟ್ಟಕ್ಕೆ ಬರುತ್ತದೆ. ಉಳಿದ ಗಂಟೆಗಳೆಲ್ಲ ಗಿಡ ಒಣಗಾಳಿಯಲ್ಲಿಯೇ ಇರುತ್ತದೆ. ಮಲಗುವ ಮುನ್ನ ಎಲೆ ತೋಯಿಸುವುದನ್ನಂತೂ ದಯವಿಟ್ಟು ಬಿಡಿ. ಗಾಳಿಯಾಡದ ಕೋಣೆಯಲ್ಲಿ ರಾತ್ರಿಯಿಡೀ ಒದ್ದೆಯಾಗಿರುವ ಗರಿಗೆ ಶಿಲೀಂಧ್ರದ ಕಲೆ ಬರುವುದು ಸುಲಭ. ತೇವ ಬೇಕಾದರೆ ಗಿಡಗಳನ್ನು ಗುಂಪಾಗಿಡಿ, ಬೀಸುಗಾಳಿಯಿಂದಲೂ ಫ್ಯಾನಿನ ನೇರ ಗಾಳಿಯಿಂದಲೂ ದೂರವಿಡಿ. ತೀರಾ ಸೂಕ್ಷ್ಮ ಜಾತಿಯಾದರೆ ಗಾಜಿನ ಪೆಟ್ಟಿಗೆಯೊಳಗೆ ಬೆಳೆಸಿ.

ಕುಂಡದಂಗಳ ಅವರೇ, ತುದಿ ಕಂದುತ್ತಿದ್ದರೆ ಮೊದಲು ಬೇರನ್ನು ನೋಡಿ, ಗಾಳಿಯ ಮಾತು ಆಮೇಲೆ. ಕುಂಡವನ್ನು ಕೈಯಲ್ಲಿ ಎತ್ತಿ. ನೀರು ಹಾಕಿದ ಮೇಲೂ ಹಗುರವಾಗಿದೆಯೇ? ಹಾಕಿದ ನೀರು ಕೂಡಲೇ ತಳದಿಂದ ಸುರಿದುಹೋಗುತ್ತದೆಯೇ? ಹಾಗಿದ್ದರೆ ಒಳಗಿನ ಬೇರಿನ ಗಡ್ಡೆ ಒಣಗಿದೆ. ಕೊಕೊಪೀಟ್ ಅಥವಾ ಪೀಟ್ ತುಂಬಿದ ಮಿಶ್ರಣ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಮೇಲಿನಿಂದ ಹಾಕಿದ ನೀರು ಆ ಸಂದಿನಲ್ಲಿ ಜಾರಿ ಹೋಗುತ್ತದೆ. ನೋಡುವವರಿಗೆ ದಿನಾ ನೀರು ಹಾಕುತ್ತಿರುವಂತೆ ಕಾಣುತ್ತದೆ, ಬೇರಿಗೆ ತೊಟ್ಟೂ ಮುಟ್ಟಿರುವುದಿಲ್ಲ. ಬಕೆಟ್‌ನಲ್ಲಿ ನೀರು ತುಂಬಿ ಕುಂಡವನ್ನು ಅಂಚಿನವರೆಗೆ ಮುಳುಗಿಸಿ. ಗುಳ್ಳೆಗಳು ನಿಲ್ಲುವವರೆಗೆ ಬಿಡಿ, ಆಮೇಲೆ ಪೂರ್ತಿ ಸೋರಲು ಇಡಿ.

ಇನ್ನೊಂದು ಕಾರಣ ಉಪ್ಪು. ಮಣ್ಣಿನ ಮೇಲೆ ಅಥವಾ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಗೊಬ್ಬರವೋ ಗಡಸು ನೀರೋ ಹೆಚ್ಚಾಗಿದೆ ಎಂದು ಅರ್ಥ. ಮಳೆನೀರಿದ್ದರೆ ಅದನ್ನೇ ಧಾರಾಳವಾಗಿ ಸುರಿದು, ತಳದಿಂದ ಹರಿದುಹೋಗುವಂತೆ ಮಣ್ಣನ್ನು ತೊಳೆಯಿರಿ. ಗೊಬ್ಬರ ಹಾಕುವಾಗ ಡಬ್ಬಿಯ ಮೇಲೆ ಬರೆದ ಪ್ರಮಾಣದ ಅರ್ಧ ಸಾಕು, ಅದೂ ಹೊಸ ಗರಿಗಳು ಏಳುತ್ತಿರುವಾಗ ಮಾತ್ರ. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ಮುಂದಿನ ಗರಿ ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಿ.

ಗರಿಗೆದರು

ರಾತ್ರಿ ಚಿಮುಕಿಸುವುದನ್ನು ನಿಲ್ಲಿಸುತ್ತೇನೆ. ಆದರೆ ಬೆಳಿಗ್ಗೆ ಚಿಮುಕಿಸಿದಾಗ ಎಲೆಯ ಧೂಳು ಹೋಗುತ್ತದೆ, ಗಿಡವನ್ನು ದಿನಾ ಹತ್ತಿರದಿಂದ ನೋಡಿದಂತಾಗುತ್ತದೆ. ಹಿಟ್ಟು ತಿಗಣೆ ಬಂದರೆ ಅಂದೇ ಕಣ್ಣಿಗೆ ಬೀಳುತ್ತದೆ. ಅದನ್ನು ಬಿಡಲಾರೆ.

ನೀರಹನಿ

ಅದು ಒಪ್ಪುವ ಮಾತು.

ಬೆಳ್ಳಿಬೇರು

ಮೇಡನ್‌ಹೇರ್ ಇಟ್ಟುಕೊಂಡವರಿಗೆ ಒಂದು ಭರವಸೆಯ ಮಾತು. ಅದು ಒಮ್ಮೆ ಬಾಡಿದರೆ ಗರಿಗಳೆಲ್ಲ ಒಂದೇ ದಿನದಲ್ಲಿ ಗರಿಗರಿಯಾಗಿ ಸುರುಟಿಕೊಳ್ಳುತ್ತವೆ. ಜನ ಆಗ ಗಿಡ ಸತ್ತಿತೆಂದು ಎಸೆಯುತ್ತಾರೆ. ಎಸೆಯಬೇಡಿ. ಒಣಗಿದ್ದನ್ನೆಲ್ಲ ಬುಡದ ಹತ್ತಿರಕ್ಕೆ ಕತ್ತರಿಸಿ, ಮಣ್ಣನ್ನು ಹದವಾದ ತೇವದಲ್ಲಿಟ್ಟು, ಮೇಲೊಂದು ಪಾರದರ್ಶಕ ಚೀಲ ಹೊದಿಸಿ ನೆರಳಿನಲ್ಲಿಡಿ. ಗುಪ್ತಕಾಂಡ ಜೀವಂತವಾಗಿದ್ದರೆ ಕೆಲವು ವಾರಗಳಲ್ಲಿ ಕೆಂಚು ಬಣ್ಣದ ಸಣ್ಣ ಸುರುಳಿಗಳು ಮಣ್ಣು ಸೀಳಿಕೊಂಡು ಬರುತ್ತವೆ. ಎಲೆಯಿಲ್ಲದ ಗಿಡ ನೀರನ್ನು ಬಹಳ ಕಡಿಮೆ ಕುಡಿಯುತ್ತದೆ, ಆದ್ದರಿಂದ ಕನಿಕರದಿಂದ ನೀರು ಸುರಿದು ಕೊಳೆಸಬೇಡಿ.

ಜರೀಗಿಡಗಳೆಲ್ಲ ಹುಳಿಮಣ್ಣು ಕೇಳುತ್ತವೆ ಎಂದು ಎಲ್ಲೆಡೆ ಬರೆದಿರುತ್ತಾರೆ. ಸಾಮಾನ್ಯ ಮೇಡನ್‌ಹೇರ್ ಕಾಡಿನಲ್ಲಿ ಬೆಳೆಯುವುದು ನೀರು ಜಿನುಗುವ ಸುಣ್ಣಕಲ್ಲಿನ ಬಂಡೆಗಳ ಮೇಲೆ, ಹಳೆಯ ಗಾರೆಗೋಡೆಗಳ ಸಂದಿನಲ್ಲಿ. ಸುಣ್ಣದ ಅಂಶಕ್ಕೆ ಅದು ಹೆದರುವುದಿಲ್ಲ. ಅದಕ್ಕೆ ಆಗದಿರುವುದು ಬರ ಮಾತ್ರ.

ಕುಂಡದಂಗಳ

ಕುಂಡ ಎತ್ತಿ ನೋಡಿದೆ, ನೀರಹನಿ ಅವರು ಹೇಳಿದ ಹಾಗೆಯೇ ಇದೆ. ಮೇಲ್ಮಣ್ಣು ಒದ್ದೆ, ಕುಂಡ ಹಗುರ. ಬೇರು ತಳದ ತೂತಿನಿಂದ ಹೊರಗೆ ಬಂದಿದೆ. ಹಾಗಾದರೆ ಬಾಸ್ಟನ್ ಅನ್ನು ಈಗಲೇ ಬಿಡಿಸಲೇ, ಹಬ್ಬುಕಾಂಡದಿಂದ ಮರಿ ಮಾಡಲೇ?

ತಂಪುನೆರಳು

ಎರಡನ್ನೂ ಮಾಡಬಹುದು. ಬೇರು ಅಷ್ಟು ಕಿಕ್ಕಿರಿದಿದ್ದರೆ ಬಿಡಿಸುವುದೇ ಗಿಡಕ್ಕೆ ಹಿತ. ಹಿಂದಿನ ದಿನ ಚೆನ್ನಾಗಿ ನೆನೆಸಿಡಿ. ಕುಂಡದಿಂದ ಹೊರತೆಗೆದಾಗ ಬೇರಿನ ಗಡ್ಡೆ ಕುಂಡದ ಆಕಾರದಲ್ಲಿಯೇ ನಿಲ್ಲುತ್ತದೆ. ಬಾಸ್ಟನ್‌ನ ಬುಡ ಗಟ್ಟಿ, ಕೈಯಿಂದ ಬಿಡುವುದಿಲ್ಲ. ಚೊಕ್ಕಟವಾದ ಹರಿತ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಕೊಯ್ಯಿರಿ. ಪ್ರತಿ ತುಂಡಿನಲ್ಲೂ ಎಳೆಯ ಸುರುಳಿ ಹೊತ್ತ ಬುಡ ಒಂದಾದರೂ ಇರಬೇಕು, ಅದಕ್ಕೆ ಸೇರಿದ ಬೇರು ಒಂದು ಹಿಡಿಯಾದರೂ ಇರಬೇಕು. ದುರಾಸೆ ಬೇಡ, ಎರಡೋ ಮೂರೋ ತುಂಡು ಸಾಕು. ಸಣ್ಣ ಸಣ್ಣ ಚೂರುಗಳು ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತವೆ. ಹಳೆಯ ಗರಿಗಳನ್ನು ಅರ್ಧದಷ್ಟು ತೆಗೆದುಬಿಡಿ, ಇಲ್ಲದಿದ್ದರೆ ಗಾಯಗೊಂಡ ಬೇರು ಅಷ್ಟು ಎಲೆಗಳಿಗೆ ನೀರು ಒದಗಿಸಲಾರದು.

ನೆಡುವಾಗ ಬುಡವನ್ನು ಮೊದಲಿದ್ದ ಮಟ್ಟದಲ್ಲಿಯೇ ಇರಿಸಿ. ಜರೀಗಿಡದ ನೆತ್ತಿಯನ್ನು ಹೂಳಿದರೆ ಕೊಳೆಯುತ್ತದೆ. ಮಿಶ್ರಣಕ್ಕೆ ಕೊಕೊಪೀಟ್ ಮತ್ತು ಹಳೆಯ ಎಲೆಗೊಬ್ಬರ ಹೆಚ್ಚಿನ ಪಾಲು, ಅದನ್ನು ಸಡಿಲಗೊಳಿಸಲು ಪರ್ಲೈಟ್ ಅಥವಾ ದಪ್ಪ ಮರಳು, ಒಂದಿಷ್ಟು ಇದ್ದಿಲಿನ ಚೂರು. ಹಿಂಡಿದರೆ ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಒಡೆಯುವ ಹದವಿರಬೇಕು. ಮೊದಲ ಹೊಸ ಗರಿ ಬಿಚ್ಚಿಕೊಳ್ಳುವವರೆಗೆ ಗೊಬ್ಬರ ಬೇಡ.

ಹಬ್ಬುಕಾಂಡದ ದಾರಿ ಇನ್ನೂ ಸುಲಭ. ಗರಿಗಳ ನಡುವಿನಿಂದ ಹಸಿರು ಅಥವಾ ಕಂದು ದಾರದಂತೆ, ನವಿರಾದ ರೋಮ ಹೊದ್ದು, ಕುಂಡದಾಚೆ ಜೋಲುವುದೇ ಅದು. ಎಷ್ಟೋ ಮಂದಿ ಅದನ್ನು ಸತ್ತ ಕಡ್ಡಿ ಎಂದು ಕತ್ತರಿಸಿ ಎಸೆಯುತ್ತಾರೆ. ಪಕ್ಕದಲ್ಲಿ ಚಿಕ್ಕ ಕುಂಡ ಇಟ್ಟು, ದಾರವನ್ನು ತೇವದ ಮಿಶ್ರಣದ ಮೇಲೆ ಬಾಗಿಸಿ, ಬಗ್ಗಿಸಿದ ತಂತಿಯಿಂದ ಒತ್ತಿ ಹಿಡಿಸಿ. ತಾಯಿಗಿಡದ ಪೋಷಣೆ ಇರುವುದರಿಂದ ಮರಿ ಬಾಡುವುದಿಲ್ಲ. ತನ್ನದೇ ಮೂರು ನಾಲ್ಕು ಗರಿ ಬಂದು, ಮೆಲ್ಲನೆ ಎಳೆದರೆ ಬೇರಿನ ಹಿಡಿತ ಕೈಗೆ ತಿಳಿದಾಗ ದಾರವನ್ನು ಕತ್ತರಿಸಿ.

ಬಾಸ್ಟನ್‌ಗೆ ಬೀಜಾಣುವಿನ ದಾರಿಯನ್ನು ನೆಚ್ಚಬೇಡಿ. 1894ರಲ್ಲಿ ಅಮೆರಿಕದಲ್ಲಿ ಸಾಗಣೆಯಾಗುತ್ತಿದ್ದ ನೆಫ್ರೊಲೆಪಿಸ್ (ಬಾಸ್ಟನ್‌ನ ಕುಲ) ಗಿಡಗಳ ನಡುವೆ ಬಾಗಿ ಜೋಲುವ ಗರಿಯ ಒಂದು ವಿಶೇಷ ಗಿಡ ಕಣ್ಣಿಗೆ ಬಿತ್ತು, ಅದೇ ಬಾಸ್ಟನ್ ಫರ್ನ್. ಅಂದಿನಿಂದ ಅದನ್ನು ಹೆಚ್ಚಿಸಿರುವುದು ಹಬ್ಬುಕಾಂಡದಿಂದ, ಈಚೆಗೆ ಅಂಗಾಂಶ ಕೃಷಿಯಿಂದ. ಗುಂಗುರು ಗರಿಯ ತಳಿಗಳೂ ಅದರಿಂದ ತಾವಾಗಿ ಸಿಡಿದ ಮಾರ್ಪಾಡುಗಳೇ. ಅಂಥ ತಳಿಯಲ್ಲಿ ಎಂದಾದರೂ ಸಾದಾ ಗರಿ ಎದ್ದರೆ ಅದು ಹೊರಟ ಬುಡದ ಸಮೇತ ತೆಗೆಯಿರಿ, ಇಲ್ಲವಾದರೆ ಅದು ಬಲವಾಗಿ ಬೆಳೆದು ಗುಂಗುರನ್ನು ನುಂಗಿಬಿಡುತ್ತದೆ.

ಹಾದಿಹೋಕ

ಮಧ್ಯೆ ಪ್ರವೇಶಿಸಿದ್ದಕ್ಕೆ ಕ್ಷಮಿಸಿ. ಶತಾವರಿಯ ಹಾಗಿರುವ ಆಸ್ಪರಾಗಸ್ ಫರ್ನ್‌ಗೂ ಇದೇ ಆರೈಕೆ ಸಾಕೇ? ಮನೆಯಲ್ಲಿ ಬೆಕ್ಕಿದೆ.

ಸೂಕ್ಷ್ಮದರ್ಶಿ

ಅದು ಜರೀಗಿಡವೇ ಅಲ್ಲ. ಶತಾವರಿಯ ಕುಲದ್ದು, ಹೂ ಬಿಟ್ಟು ಹಣ್ಣು ಕಟ್ಟುತ್ತದೆ. ಬೆಕ್ಕು ನಾಯಿಗಳಿಗೆ ಅದು ವಿಷಕಾರಿ, ಕೈಗೆಟುಕದಲ್ಲಿಡಿ. ಬಾಸ್ಟನ್ ಫರ್ನ್‌ನಿಂದ ಆ ಅಪಾಯವಿಲ್ಲ.

ಮಂಜಿನಹಾದಿ

ಬರ್ಡ್ಸ್ ನೆಸ್ಟ್ ಸೀಳಲಾಗದು ಎಂದಿರಿ. ಹಾಗಾದರೆ ಆ ಕಂದು ಪುಡಿಯಿಂದ ಮನೆಯಲ್ಲಿಯೇ ಮರಿ ಮಾಡಬಹುದೇ? ಪ್ರಯೋಗಾಲಯ ಬೇಕೇ?

ಸೂಕ್ಷ್ಮದರ್ಶಿ

ಪ್ರಯೋಗಾಲಯ ಬೇಡ. ಮುಚ್ಚಳವಿರುವ ಪಾರದರ್ಶಕ ಡಬ್ಬಿ, ಕುದಿಯುವ ನೀರು, ತಾಳ್ಮೆ ಇದ್ದರೆ ಆಯಿತು. ಇದು ನನಗೆ ಬಹಳ ಪ್ರಿಯವಾದ ವಿಷಯ, ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಜರೀಗಿಡ ಹೇಗೆ ಹುಟ್ಟುತ್ತದೆ ಎಂಬುದು ಬಹುಕಾಲ ಯಾರಿಗೂ ಸ್ಪಷ್ಟವಿರಲಿಲ್ಲ. ಜಮೈಕಾದಲ್ಲಿದ್ದ ಜಾನ್ ಲಿಂಡ್ಸೆ ಎಂಬ ಶಸ್ತ್ರವೈದ್ಯ ಈ ಧೂಳನ್ನು ಮಣ್ಣಿನ ಮೇಲೆ ಬಿತ್ತಿ ಮೊಳಕೆ ಬರುವುದನ್ನು ಕಂಡು 1794ರಲ್ಲಿ ಪ್ರಕಟಿಸಿದ. ಮೊಳೆತದ್ದು ನೇರವಾಗಿ ಜರೀಗಿಡವಾಗುವುದಿಲ್ಲ, ನಡುವೆ ಇನ್ನೊಂದು ಪೂರ್ತಿ ಬೇರೆ ಬದುಕಿದೆ ಎಂಬ ಚಿತ್ರ 1851ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ಅವರ ಕೃತಿಯಿಂದ ಪೂರ್ಣವಾಯಿತು. ಬೀಜಾಣುವಿನಿಂದ ಮೊದಲು ಹುಟ್ಟುವುದು ಪ್ರೋಥಾಲಸ್. ಬೆರಳಿನ ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ, ಮಣ್ಣಿಗೆ ಅಂಟಿಕೊಂಡ ಹಸಿರು ಹಾಳೆ. ಅದರ ಅಡಿಯಲ್ಲಿ ಗಂಡು ಮತ್ತು ಹೆಣ್ಣು ಅಂಗಗಳಿರುತ್ತವೆ. ಗಂಡು ಕೋಶ ಹೆಣ್ಣಿನ ಬಳಿಗೆ ಈಜಿಕೊಂಡು ಹೋಗಬೇಕು, ಅದಕ್ಕೆ ನೀರಿನ ತೆಳು ಪೊರೆ ಬೇಕೇ ಬೇಕು. ಫಲಿತವಾದ ಮೇಲೆ ಅಲ್ಲಿಂದ ಏಳುವುದು ನಾವು ಜರೀಗಿಡ ಎಂದು ಕರೆಯುವ ಗಿಡ. ಈ ಎರಡು ಬದುಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಪುಡಿ ಸಂಗ್ರಹ. ಗೆರೆಗಳು ಹಸಿರು ಇದ್ದರೆ ಇನ್ನೂ ಬಲಿತಿಲ್ಲ, ಹರಿದು ಜೂಲಾಗಿದ್ದರೆ ಚೀಲಗಳು ಖಾಲಿಯಾಗಿವೆ. ಗಾಢ ಕಂದು ಬಣ್ಣಕ್ಕೆ ತಿರುಗಿ, ಮೇಲಿನ ಪೊರೆ ಈಗಷ್ಟೇ ಮೇಲೇಳುತ್ತಿರುವಾಗ ಗರಿಯ ಒಂದು ತುಂಡು ಕತ್ತರಿಸಿ. ನುಣುಪಾದ ಬಿಳಿ ಹಾಳೆಯ ಮೇಲೆ ಅಡಿಭಾಗ ಕೆಳಗಾಗುವಂತೆ ಇಟ್ಟು, ಮೇಲೊಂದು ಹಾಳೆ ಮುಚ್ಚಿ, ಗಾಳಿ ಬೀಸದ ಒಣ ಜಾಗದಲ್ಲಿ ಒಂದೆರಡು ದಿನ ಬಿಡಿ. ಗರಿ ಎತ್ತಿದಾಗ ಅದರ ಗೆರೆಗಳ ನಕಲು ಹಾಳೆಯ ಮೇಲೆ ಪುಡಿಯಲ್ಲಿ ಮೂಡಿರುತ್ತದೆ.

ಕೈಮಸೂರವಿದ್ದರೆ ಒಂದು ಕೆಲಸ ಮಾಡಿ. ಬಲಿತ ತುಂಡನ್ನು ಮೇಜಿನ ದೀಪದ ಬಿಸಿಗೆ ಹಿಡಿದು ಮಸೂರದಲ್ಲಿ ನೋಡುತ್ತಾ ಇರಿ. ಪ್ರತಿ ಚೀಲದ ಬೆನ್ನಿಗೂ ದಪ್ಪ ಗೋಡೆಯ ಕೋಶಗಳ ಒಂದು ಪಟ್ಟಿ ಇರುತ್ತದೆ. ಒಳಗಿನ ನೀರು ಆರುತ್ತಾ ಬಂದಂತೆ ಆ ಪಟ್ಟಿ ಹಿಂದಕ್ಕೆ ಬಾಗಿ ಚೀಲವನ್ನು ಸೀಳುತ್ತದೆ, ಬಾಗುತ್ತಾ ಬಾಗುತ್ತಾ ಒಂದು ಘಳಿಗೆಯಲ್ಲಿ ನೀರಿನ ಬಿಗಿತ ತಪ್ಪಿ ಕವಣೆಯಂತೆ ಮುಂದಕ್ಕೆ ಸಿಡಿಯುತ್ತದೆ. ಮಸೂರದಡಿಯಲ್ಲಿ ಕಂದು ಕಾಳುಗಳು ಪಟಪಟನೆ ಹಾರುವುದು ಕಾಣುತ್ತದೆ.

ಹಾಳೆಯ ಮೇಲಿನ ಪುಡಿಯೆಲ್ಲ ಬೀಜಾಣುವಲ್ಲ, ಒಡೆದ ಚೀಲಗಳ ಹೊಟ್ಟೂ ಅದರಲ್ಲಿದೆ. ಹೊಟ್ಟು ಜೊತೆಗೆ ಹೋದರೆ ಬೂಷ್ಟು ಬರುತ್ತದೆ. ಹಾಳೆಯನ್ನು ಸ್ವಲ್ಪ ಓರೆ ಮಾಡಿ ಬೆರಳಿನಿಂದ ಹಿಂಬದಿಗೆ ಮೆಲ್ಲನೆ ತಟ್ಟಿ. ದಪ್ಪ ಹೊಟ್ಟು ಮೊದಲು ಜಾರುತ್ತದೆ, ನುಣುಪಾದ ಬೀಜಾಣು ಹಾಳೆಗೆ ಅಂಟಿ ಹಿಂದುಳಿಯುತ್ತದೆ. ಹೊಟ್ಟನ್ನು ಚೆಲ್ಲಿ, ಉಳಿದದ್ದನ್ನು ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್ ಬೇಡ, ಅದರ ವಿದ್ಯುತ್ ಸೆಳೆತಕ್ಕೆ ಪುಡಿಯೆಲ್ಲ ಗೋಡೆಗೆ ಅಂಟುತ್ತದೆ. ಒಣದಾಗಿ, ತಣ್ಣಗೆ ಇಟ್ಟರೆ ಕಂದು ಬೀಜಾಣುಗಳು ಬಹುಕಾಲ ಬದುಕುತ್ತವೆ. ಆದರೆ ಆಸ್ಮುಂಡದಂಥ ಕೆಲವು ಜಾತಿಗಳ ಬೀಜಾಣು ಹಸಿರು, ಅವುಗಳ ಆಯುಷ್ಯ ದಿನಗಳಲ್ಲಿ, ಹೆಚ್ಚೆಂದರೆ ವಾರಗಳಲ್ಲಿ. ಅವನ್ನು ಕೂಡಲೇ ಬಿತ್ತಬೇಕು.

ಬಿತ್ತುವ ಡಬ್ಬಿಯಲ್ಲಿ ಜರಡಿ ಹಿಡಿದ ಕೊಕೊಪೀಟ್ ಎರಡು ಬೆರಳು ದಪ್ಪಕ್ಕೆ ಹರಡಿ, ಕುದಿಯುವ ನೀರನ್ನು ಪೂರ್ತಿ ನೆನೆಯುವಂತೆ ಸುರಿದು, ಹೆಚ್ಚಾದದ್ದನ್ನು ಬಸಿದು, ಕೂಡಲೇ ಮುಚ್ಚಿ ತಣಿಯಲು ಬಿಡಿ. ತಣಿದ ಮೇಲೆ ಮುಚ್ಚಳವನ್ನು ಕ್ಷಣಕಾಲ ತೆಗೆದು, ಕಾಗದದ ತುದಿಯಿಂದ ಪುಡಿಯನ್ನು ತೆಳ್ಳಗೆ ಉದುರಿಸಿ. ತೆಳ್ಳಗೆ ಎಂಬುದನ್ನು ಒತ್ತಿ ಹೇಳುತ್ತೇನೆ. ಮೇಲೆ ಮಣ್ಣು ಮುಚ್ಚಬೇಡಿ, ಅವಕ್ಕೆ ಬೆಳಕು ಬೇಕು. ಡಬ್ಬಿ ಮುಚ್ಚಿ, ಹೆಸರು ಬರೆದು, ನೇರ ಬಿಸಿಲು ಬೀಳದ ಬೆಳಕಿನಲ್ಲಿ, 20ರಿಂದ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟು, ಅದನ್ನು ಮುಟ್ಟದಿರಿ.

ಗರಿಗೆದರು

ಇಷ್ಟು ಕುದಿಸುವುದು ಅಗತ್ಯವೇ? ನೆರಳಿನ ಗೋಡೆಗಳ ಮೇಲೆ, ಕುಂಡಗಳ ತಳದಲ್ಲಿ ಜರೀಮರಿಗಳು ತಾವಾಗಿಯೇ ಹುಟ್ಟುವುದನ್ನು ನಾನು ಎಷ್ಟು ನೋಡಿದ್ದೇನೆ. ಅಲ್ಲಿ ಯಾರೂ ಏನನ್ನೂ ಕುದಿಸಿಲ್ಲ.

ಸೂಕ್ಷ್ಮದರ್ಶಿ

ನಿಜ. ಆದರೆ ಒಂದು ಗರಿ ಲಕ್ಷಗಟ್ಟಲೆ ಬೀಜಾಣು ಉದುರಿಸಿ ಅಲ್ಲೊಂದು ಇಲ್ಲೊಂದು ಮರಿಯಾದರೆ ನಿಸರ್ಗಕ್ಕೆ ಸಾಕು. ನಮ್ಮ ಬಳಿ ಇರುವುದು ಒಂದು ಚಿಟಿಕೆ, ಜಾಗ ಒಂದು ಡಬ್ಬಿ. ಅದೇ ಬೆಚ್ಚಗಿನ ಒದ್ದೆ ಜಾಗದಲ್ಲಿ ಪಾಚಿ, ಹಾವಸೆ, ಬೂಷ್ಟು, ಮಣ್ಣಿನ ಚಿಕ್ಕ ಕಪ್ಪು ನೊಣ ಎಲ್ಲವೂ ಬೆಳೆಯುತ್ತವೆ, ಎಲ್ಲವೂ ಪ್ರೋಥಾಲಸ್‌ಗಿಂತ ಬಿರುಸು. ಕುದಿನೀರು ನಮ್ಮ ಬೀಜಾಣುವಿಗೆ ಮೊದಲ ಕೆಲವು ವಾರಗಳ ಮುನ್ನಡೆ ಕೊಡುತ್ತದೆ. ಅಷ್ಟು ಸಿಕ್ಕರೆ ಸಾಕು.

ಮುಚ್ಚಿದ ಡಬ್ಬಿಯ ವಿಷಯಕ್ಕೆ ಒಂದು ಹಳೆಯ ಘಟನೆ ನೆನಪಾಗುತ್ತದೆ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ಪತಂಗದ ಕೋಶವನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಶೀಶೆಯಲ್ಲಿ ಮುಚ್ಚಿಟ್ಟಿದ್ದರು. ಪತಂಗಕ್ಕಾಗಿ ಕಾಯುತ್ತಿದ್ದಾಗ ಶೀಶೆಯೊಳಗೆ ಒಂದು ಜರೀಗಿಡ ಮತ್ತು ಹುಲ್ಲು ಮೊಳೆತವು. ಹೊಗೆ ಕವಿದ ಅವರ ತೋಟದಲ್ಲಿ ಜರೀಗಿಡಗಳು ಸಾಯುತ್ತಿದ್ದ ಕಾಲವದು. ಒಳಗೆ ಆವಿಯಾದ ನೀರು ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುವುದನ್ನು ಕಂಡು ಅವರು ಮುಚ್ಚಿದ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿದರು. 1833ರಲ್ಲಿ ಅಂಥ ಪೆಟ್ಟಿಗೆಗಳಲ್ಲಿ ಗಿಡಗಳು ಹಡಗಿನಲ್ಲಿ ಸಿಡ್ನಿಯವರೆಗೆ ಜೀವಂತವಾಗಿ ಹೋದವು. ನಮ್ಮ ಡಬ್ಬಿಯೂ ಅದೇ ತತ್ತ್ವದ್ದು, ಆದ್ದರಿಂದಲೇ ಅದಕ್ಕೆ ದಿನಾ ನೀರು ಬೇಡ.

ಮಂಜಿನಹಾದಿ

ಬಿತ್ತಿ ಸಾಕಷ್ಟು ಕಾಲವಾಯಿತು. ಈಗ ಮೇಲ್ಮೈ ಹಸಿರಾಗಿದೆ. ಇದು ಪ್ರೋಥಾಲಸ್ಸೋ ಪಾಚಿಯೋ ತಿಳಿಯುತ್ತಿಲ್ಲ. ಒಂದು ಮೂಲೆಯಲ್ಲಿ ಬಿಳಿ ನೂಲಿನಂಥದ್ದೂ ಇದೆ.

ಸೂಕ್ಷ್ಮದರ್ಶಿ

ಬಿಳಿ ನೂಲು ಬೂಷ್ಟು. ಕುದಿನೀರಿನಲ್ಲಿ ಅದ್ದಿ ತಣಿಸಿದ ಚಮಚದಿಂದ ಅದರ ಸುತ್ತಲಿನ ಮಿಶ್ರಣದ ಸಮೇತ ಎತ್ತಿ ತೆಗೆದುಬಿಡಿ, ಇಂದೇ. ಹಸಿರಿನ ವಿಷಯಕ್ಕೆ ಮಸೂರ ಹಿಡಿಯಿರಿ. ಲೋಳೆಯಾಗಿ ಹೊಳೆಯುವ, ಅಂಚೇ ಇಲ್ಲದ ಪೊರೆ ಪಾಚಿ. ಚಿಕ್ಕ ಚಿಕ್ಕ ಎಲೆಗಳು ನೆಟ್ಟಗೆ ನಿಂತಿದ್ದರೆ ಹಾವಸೆ. ಮಟ್ಟಸವಾಗಿ ಮಲಗಿ, ಒಂದರ ಪಕ್ಕ ಒಂದು ಮೀನಿನ ಹುರುಪೆಗಳ ಗಾತ್ರದಲ್ಲಿ, ನಡುವೆ ಕಚ್ಚಿದ ಹಾಗೆ ಒಂದು ತಗ್ಗು ಇದ್ದರೆ ಅದು ಪ್ರೋಥಾಲಸ್.

ಮಂಜಿನಹಾದಿ

ತಗ್ಗು ಇದೆ! ಕೆಲವದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಬಹಳ ಒತ್ತೊತ್ತಾಗಿವೆ.

ಸೂಕ್ಷ್ಮದರ್ಶಿ

ಅಭಿನಂದನೆಗಳು. ಈಗ ತೆಳ್ಳಗೆ ಬಿತ್ತಬೇಕೆಂದು ಏಕೆ ಹೇಳಿದೆ ಎಂಬುದನ್ನು ಕೇಳಿ. ಎಷ್ಟೋ ಜಾತಿಗಳಲ್ಲಿ ಮೊದಲು ಬೆಳೆದು ಹೆಣ್ಣಾದ ಪ್ರೋಥಾಲಸ್ ಒಂದು ರಾಸಾಯನಿಕವನ್ನು ಹೊರಬಿಡುತ್ತದೆ. ಅದು ತಾಗಿದ ಪಕ್ಕದ ಎಳೆಯವು ಗಂಡು ಅಂಗಗಳನ್ನೇ ಬೆಳೆಸುತ್ತವೆ. ಬೇರೆ ಬೇರೆ ಪ್ರೋಥಾಲಸ್‌ಗಳ ನಡುವೆ ಕೂಡಿಕೆಯಾಗಲು ಗಿಡ ಕಂಡುಕೊಂಡ ಉಪಾಯವದು. ಜೊತೆಗೆ ಜಾಗ ಮತ್ತು ಬೆಳಕಿನ ಕೊರತೆಯಿಂದ ಒತ್ತೊತ್ತಾದವು ಗಿಡ್ಡವಾಗಿಯೇ ಉಳಿಯುತ್ತವೆ. ಹೀಗೆ ಡಬ್ಬಿ ಹಸಿರಾಗಿ ತುಂಬಿದ್ದರೂ ಮರಿಗಿಡ ಏಳದೆ ಇರಬಹುದು. ಇಕ್ಕಳದಿಂದ ಬೆರಳುಗುರಿನಷ್ಟು ಅಗಲದ ತೇಪೆಗಳನ್ನು ಎತ್ತಿ, ಹಾಗೆಯೇ ಕುದಿನೀರು ಹಾಕಿ ತಣಿಸಿದ ಇನ್ನೊಂದು ಡಬ್ಬಿಯಲ್ಲಿ ಅಂತರ ಬಿಟ್ಟು ಇರಿಸಿ, ಮೆಲ್ಲನೆ ಒತ್ತಿ. ಅವು ಹರಡಿಕೊಂಡ ಮೇಲೆ ಕುದಿಸಿ ಆರಿಸಿದ ನೀರನ್ನು ಮೇಲಿನಿಂದ ನವಿರಾಗಿ ಚಿಮುಕಿಸಿ. ಗರಿಗೆದರು ಅವರೇ, ಚಿಮುಕಿಸುವುದು ನಿಜವಾಗಿ ಅತ್ಯಗತ್ಯವಾಗುವ ಹೊತ್ತು ಇದು. ಗಂಡು ಕೋಶಗಳು ಈಜಬೇಕಾದ ನೀರು ಅದೇ.

ಗರಿಗೆದರು

ಚಿಮುಕುವ ಬಾಟಲಿ ಸಿದ್ಧವಿದೆ, ನಾನೂ ಬಿತ್ತುತ್ತೇನೆ. ಮೊದಲ ಸಲಕ್ಕೆ ಯಾವ ಜಾತಿ ಒಳ್ಳೆಯದು?

ಸೂಕ್ಷ್ಮದರ್ಶಿ

ಹಾಲಿ ಫರ್ನ್, ಅಂದರೆ ಸಿರ್ಟೋಮಿಯಂ ಫಾಲ್ಕೇಟಮ್. ಇಲ್ಲವೇ ಟೆರಿಸ್ ಕ್ರೆಟಿಕಾ. ಇವೆರಡರಲ್ಲೂ ಗಂಡು ಹೆಣ್ಣಿನ ಕೂಡಿಕೆಯೇ ಬೇಡ, ಪ್ರೋಥಾಲಸ್‌ನಿಂದ ನೇರವಾಗಿ ಮರಿ ಏಳುತ್ತದೆ. ಬೇಗನೆ ಫಲ ಸಿಗುತ್ತದೆ, ಕೈ ಪಳಗುತ್ತದೆ.

ಬೆಳ್ಳಿಬೇರು

ಜಿಂಕೆಕೊಂಬಿನಂಥ ಗರಿಯ ಸ್ಟ್ಯಾಗ್‌ಹಾರ್ನ್ ಜರೀಗಿಡದ ಬಗ್ಗೆ ಯಾರೂ ಹೇಳಲಿಲ್ಲ. ಹಲಗೆಯ ಮೇಲೆ ಬೆಳೆಸಿದ, ಅದರ ಬೈಫರ್ಕೇಟಮ್ ಎಂಬ ಜಾತಿಯ ನನ್ನ ಗಿಡ ಪಕ್ಕದಲ್ಲಿ ಮರಿಗಳನ್ನು ಇಟ್ಟಿದೆ. ಬುಡದ ಗುರಾಣಿಯಂಥ ಎಲೆ ಕಂದಿದೆ, ಅದನ್ನು ಕಿತ್ತು ಸ್ವಚ್ಛ ಮಾಡಲೇ?

ತಂಪುನೆರಳು

ಖಂಡಿತ ಬೇಡ. ಆ ಗುರಾಣಿ ಎಲೆ ಕಂದಿದ ಮೇಲೂ ಬೇರನ್ನು ಮುಚ್ಚಿ ಕಾಯುತ್ತದೆ, ತೇವ ಹಿಡಿದಿಡುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ. ಜಿಂಕೆಕೊಂಬಿನಂಥ ಗರಿಗಳ ಮೇಲಿನ ಬೆಳ್ಳಿಯ ಬಣ್ಣವನ್ನೂ ಧೂಳೆಂದು ಒರೆಸಬೇಡಿ, ಅದು ನೀರಿನ ನಷ್ಟ ತಡೆಯುವ ರೋಮ.

ಮರಿಗೆ ತನ್ನದೇ ಗುರಾಣಿ ಎಲೆ ಬಂದು ಅಂಗೈಯಗಲವಾಗುವವರೆಗೆ ಕಾಯಿರಿ. ಆಮೇಲೆ ಚೂಪು ಚಾಕುವನ್ನು ಅದರ ಹಿಂಬದಿಗೆ ತೂರಿಸಿ, ಗುರಾಣಿ, ಬೆಳೆಯುವ ಮೊಗ್ಗು, ಬೇರು ಮೂರೂ ಬರುವಂತೆ ಕೊಯ್ಯಿರಿ. ತೋಯಿಸಿ ಹಿಂಡಿದ ಸ್ಫ್ಯಾಗ್ನಮ್ ಹಾವಸೆಯ ದಿಂಬನ್ನು ಹಲಗೆಯ ಮೇಲಿಟ್ಟು, ಅದರ ಮೇಲೆ ಮರಿಯನ್ನು ಕೂರಿಸಿ, ಮೊಗ್ಗಿಗೆ ತಾಗದಂತೆ ಮೀನುಗಾರಿಕೆಯ ದಾರದಿಂದ ಬಿಗಿಯಿರಿ. ನೀರು ಕೊಡುವುದಕ್ಕೆ ಹಲಗೆಯ ಸಮೇತ ಬಕೆಟ್‌ನಲ್ಲಿ ಅದ್ದುವುದೇ ಉತ್ತಮ, ಹಗುರವಾದಾಗ ಮತ್ತೆ ಅದ್ದಿ. ಇದೇ ಕುಲದ ಸೂಪರ್ಬಮ್ ಮಾತ್ರ ಮರಿ ಇಡುವುದಿಲ್ಲ. ಅದರ ತುದಿಯೂ ಒಂದೇ, ಅದಕ್ಕೂ ಬೀಜಾಣುವೇ ಗತಿ.

ಇನ್ನೊಂದು ಬದಿಯ ಉದಾಹರಣೆ ಡವಾಲಿಯ ಎಂಬ ಜರೀಗಿಡ. ರೋಮಭರಿತ ಕಾಂಡ ಕುಂಡದ ಅಂಚಿನಿಂದ ಹೊರಗೆ ತೆವಳುತ್ತದೆ. ಜನ ಅದನ್ನು ಬೇರೆಂದು ತಿಳಿದು ಮಣ್ಣಿನೊಳಗೆ ಹೂತುಬಿಡುತ್ತಾರೆ, ಅದು ಕೊಳೆಯುತ್ತದೆ. ತುದಿಯಿರುವ ಬೆರಳುದ್ದದ ತುಂಡನ್ನು, ಎಲೆಯೊಂದಿಗೆ, ಒದ್ದೆ ಹಾವಸೆಯ ಮೇಲೆ ಇಟ್ಟು ತಂತಿಯಿಂದ ಹಿಡಿಸಿದರೆ ಸಾಕು. ಕಾಂಡ ಮೇಲೆ ಇರುವ ಗಿಡವನ್ನು ಮೇಲೆಯೇ ಬಿಡಬೇಕು.

ಮಣ್ಣುಕೈ

ಈ ಚರ್ಚೆ ಓದಿ ಉತ್ಸಾಹ ಬಂದವರು ಕಾಡಿಗೆ ಗುದ್ದಲಿ ಹಿಡಿದು ಹೋಗಬಾರದೆಂದು ಕೇಳಿಕೊಳ್ಳುತ್ತೇನೆ. ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ಬ್ರಿಟನ್ನಿನಲ್ಲಿ ಜರೀಗಿಡದ ಹುಚ್ಚು ಹತ್ತಿ, ಜನ ಅಪರೂಪದ ಜಾತಿಗಳನ್ನು ನೆಲೆಯಿಂದಲೇ ಕಿತ್ತು ತಂದು ಕೆಲವನ್ನು ಅಳಿವಿನಂಚಿಗೆ ದೂಡಿದರು. ಮರಜರಿಗಳಂತೂ ಕಡಿದರೆ ಮತ್ತೆ ಅಷ್ಟೆತ್ತರವಾಗಲು ದಶಕಗಳು ಬೇಕು. ಅನುಮತಿ ಇರುವ ಕಡೆ, ಬಲಿತ ಗರಿಯ ಒಂದು ಚಿಕ್ಕ ತುಂಡು ಸಾಕು. ಮೇಲೆ ಹೇಳಿದ ಡಬ್ಬಿಯಲ್ಲಿ ಅದೊಂದೇ ನಿಮಗೆ ಹಂಚಲಾರದಷ್ಟು ಗಿಡ ಕೊಡುತ್ತದೆ.

ಸೂಕ್ಷ್ಮದರ್ಶಿ

ಪೂರ್ತಿ ಒಪ್ಪುತ್ತೇನೆ. ಹಳೆಯ ಗೋಡೆಗಳಲ್ಲಿ ಏಣಿಯ ಹಾಗೆ ಗರಿ ಬಿಡುವ ಟೆರಿಸ್ ವಿಟ್ಟಾಟಾ ಬಗ್ಗೆಯೂ ಒಂದು ಎಚ್ಚರಿಕೆ: ಅದು ಮಣ್ಣಿನ ಆರ್ಸೆನಿಕ್ ಅನ್ನು ಹೀರಿ ಗರಿಗಳಲ್ಲಿ ಕೂಡಿಡುತ್ತದೆ ಎಂದು 2001ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಕಲುಷಿತ ನೆಲದಲ್ಲಿ ಬೆಳೆದ ಅದರ ಗರಿಗಳನ್ನು ಕಾಂಪೋಸ್ಟ್‌ಗೆ ಹಾಕಬೇಡಿ.

ಮಂಜಿನಹಾದಿ

ಬೇರ್ಪಡಿಸಿದ ತೇಪೆಗಳ ಮೇಲೆ ಪುಟ್ಟ ಎಲೆಗಳು ಎದ್ದಿವೆ. ತಾಯಿಗಿಡದ ಎಲೆಯ ಹಾಗಿಲ್ಲ, ದುಂಡಗಿವೆ. ಬೇರೆ ಗಿಡ ಬಂದಿತೇ? ಡಬ್ಬಿಯಿಂದ ಯಾವಾಗ ಹೊರತೆಗೆಯಲಿ?

ತಂಪುನೆರಳು

ಎಳೆಯ ಜರೀಗಿಡದ ಮೊದಲ ಎಲೆಗಳು ಎಂದೂ ತಾಯಿಯನ್ನು ಹೋಲುವುದಿಲ್ಲ, ಐದಾರು ಎಲೆ ಕಳೆದ ಮೇಲೆ ರೂಪ ಕಾಣುತ್ತದೆ. ಅಲ್ಲಿಯವರೆಗೆ ಹೆಸರಿನ ಚೀಟಿ ಕಳೆಯಬೇಡಿ. ಮೂರು ನಾಲ್ಕು ಎಲೆ ಬಂದು ಬೇರು ಮಿಶ್ರಣ ಹಿಡಿದಾಗ ಚಿಕ್ಕ ಕುಂಡಗಳಿಗೆ ಗುಂಪಾಗಿಯೇ ಎತ್ತಿ ನೆಡಿ, ಒಂದೊಂದಾಗಿ ಬಿಡಿಸುವುದು ಆಮೇಲೆ. ಕುಂಡಗಳನ್ನು ಮತ್ತೆ ಮುಚ್ಚಿದ ಪೆಟ್ಟಿಗೆಯೊಳಗೇ ಇಡಿ. ಹೊಸ ಎಲೆ ಬಿಚ್ಚಿಕೊಂಡ ಮೇಲೆ ಮುಚ್ಚಳವನ್ನು ಮೊದಲು ಒಂದು ಕಡ್ಡಿಯಷ್ಟು ಸರಿಸಿ, ಕೆಲವು ದಿನಕ್ಕೆ ಇನ್ನಷ್ಟು, ಎಲೆ ಬಾಡದಿದ್ದರೆ ಪೂರ್ತಿ. ಬಾಡಿದರೆ ಅಂದೇ ಮುಚ್ಚಿ, ವಾರ ಬಿಟ್ಟು ಮತ್ತೆ ಆರಂಭಿಸಿ. ಬರ್ಡ್ಸ್ ನೆಸ್ಟ್ ಆದ್ದರಿಂದ ನೆಡುವಾಗ ನೆತ್ತಿ ಮಣ್ಣಿನ ಮೇಲೆ ಇರಲಿ, ನೀರು ಕುಂಡದ ಅಂಚಿನಿಂದ ಕೊಡಿ.

ಕುಂಡದಂಗಳ

ಬಾಸ್ಟನ್ ಅನ್ನು ಎರಡಾಗಿ ಮಾಡಿದೆ, ಎರಡರಲ್ಲೂ ಹೊಸ ಸುರುಳಿ ಇದೆ. ಮಂಜಿನಹಾದಿ ಅವರೇ, ನಿಮ್ಮ ಬರ್ಡ್ಸ್ ನೆಸ್ಟ್ ಮರಿಗಳು ಗಟ್ಟಿಯಾದ ಮೇಲೆ ಒಂದಕ್ಕೆ ಬದಲಾಗಿ ಬಾಸ್ಟನ್‌ನ ಒಂದು ಕುಂಡ ಕೊಡಲು ಸಿದ್ಧನಿದ್ದೇನೆ. ನನ್ನ ಗಿಡದ ಪುಡಿಯ ಪೊಟ್ಟಣಗಳೂ ಇವೆ, ಬೇಕಾದವರು ಕೇಳಿ.